ಮಂಡಿಯ ಆಪರೇಷನ್ ಸರಿ, ಆಮೇಲೆ?

ತಂಗಿಯ ಮಗನಿಗೆ ಸೆರೆಬ್ರಲ್ ಪಾಲ್ಸಿ, ಅಂದರೆ ಮೆದುಳಿಗೆ ಆದ ಹಾನಿಯಿಂದ ಕೈಕಾಲಿನ ಚಲನೆಗೆ ತೊಂದರೆ. ಮಂಡಿ ಮಡಚಿಕೊಂಡೇ ನಡೆಯುತ್ತಿದ್ದ. ಮಂಡಿ ಹಿಂದಿನ ಬಿಗಿ ಸಡಿಲಿಸುವ ಆಪರೇಷನ್ ಆಯಿತು ಅಂದ ತಕ್ಷಣ ಸೋಮವಾರಪೇಟೆಯ ನೆಂಟರೆಲ್ಲ ಕೇಳಿದ್ದು ಒಂದೇ: "ನರ ಕತ್ತರಿಸಿಬಿಟ್ರಾ?"

ಇಲ್ಲ ಮಾರಾಯ್ರೆ, ನರ ಕತ್ತರಿಸಲ್ಲ. ಮಂಡಿ ಮಡಚಿ ಹಿಂದೆ ಎರಡೂ ಪಕ್ಕ ಮುಟ್ಟಿ ನೋಡಿ, ಹಗ್ಗದ ಹಾಗೆ ಗಟ್ಟಿಯಾಗಿ ಸಿಗುತ್ತಲ್ವಾ, ಅದು ಹ್ಯಾಮ್‌ಸ್ಟ್ರಿಂಗ್, ತೊಡೆಯ ಹಿಂದಿನ ಸ್ನಾಯುಗಳನ್ನು ಮೂಳೆಗೆ ಸೇರಿಸುವ ಸ್ನಾಯುರಜ್ಜು. ತೊಂದರೆಯ ಮೂಲ ಇರುವುದು ಮೆದುಳಿನಲ್ಲಿ. ಅದರಿಂದ ಸ್ನಾಯು ಯಾವಾಗಲೂ ಬಿಗಿ. ಮೂಳೆ ಬೆಳೆಯುತ್ತೆ, ಸ್ನಾಯು ಅದರ ಜೊತೆ ಉದ್ದ ಆಗಲ್ಲ. ಡಾಕ್ಟರ್ ಅವನನ್ನು ಅಂಗಾತ ಮಲಗಿಸಿ, ತೊಡೆ ನೆಟ್ಟಗೆ ಮೇಲೆತ್ತಿ, ಮಂಡಿ ಬಿಡಿಸಲು ನೋಡಿದರೆ ಕಾಲು ಅರ್ಧಕ್ಕೇ ನಿಂತುಬಿಡುತ್ತಿತ್ತು. ಆಪರೇಷನ್‌ನಲ್ಲಿ ಕೆಲವು ಸ್ನಾಯುರಜ್ಜುಗಳನ್ನು ಉದ್ದ ಮಾಡುತ್ತಾರೆ. ಕೆಲವು ಕಡೆ ಸ್ನಾಯುವಿನ ಮೇಲಿನ ಬಿಳಿ ಪೊರೆಗೆ ಮಾತ್ರ ಗೀರು ಹಾಕುತ್ತಾರೆ. ಜಾಸ್ತಿ ಸಡಿಲಿಸಿದರೆ ಮಂಡಿ ಹಿಂದಕ್ಕೆ ಬಾಗುವ ಅಪಾಯವಿದೆ. ತೀರಾ ಚಿಕ್ಕ ವಯಸ್ಸಿನಲ್ಲಿ ಮಾಡಿದರೆ ಬೆಳೆಯುತ್ತಾ ಮತ್ತೆ ಬಿಗಿಯಾಗಬಹುದು. ಹಿಂದೆ ವರ್ಷಕ್ಕೊಂದು ಆಪರೇಷನ್ ಮಾಡುತ್ತಿದ್ದರಂತೆ. ಅದನ್ನು ಮರ್ಸರ್ ರಾಂಗ್ ಎಂಬ ಸರ್ಜನ್ 'ಬರ್ತ್‌ಡೇ ಸಿಂಡ್ರೋಮ್' ಅಂತ ಗೇಲಿ ಮಾಡಿದ್ದರು. ಈಗ ಸೊಂಟ, ಮಂಡಿ, ಪಾದ ಎಲ್ಲವನ್ನೂ ಒಟ್ಟಿಗೆ ನೋಡಿ, ಆದಷ್ಟು ಒಂದೇ ಸಲಕ್ಕೆ ಮುಗಿಸುತ್ತಾರೆ.

ನನ್ನ ತಕರಾರು ಆಪರೇಷನ್ ಬಗ್ಗೆ ಅಲ್ಲ. ಅದು ಕೆಲವು ಗಂಟೆಗಳ ಕೆಲಸ. ಆಮೇಲಿನ ಫಿಸಿಯೋಥೆರಪಿ ತಿಂಗಳುಗಟ್ಟಲೆ. ಬಿಗಿ ಹೋದ ಕಾಲಿಗೆ ಬಲ ತಾನಾಗಿ ಬರಲ್ಲ. ನಿಲ್ಲುವುದನ್ನೂ ಹೆಜ್ಜೆ ಇಡುವುದನ್ನೂ ಹೊಸದಾಗಿ ಕಲಿಸಬೇಕು. ಅದಕ್ಕೆ ನಮ್ಮವರು ಘಟ್ಟದ ತಿರುವುಗಳನ್ನು ದಾಟಿ ಮೈಸೂರಿಗೆ ಹೋಗಬೇಕಾಯಿತು. ಮಂಡಿ ಮಡಚದ ಹಾಗೆ ಪಟ್ಟಿ ಕಟ್ಟಿದ ಕಾಲನ್ನು ಬಸ್ ಸೀಟಿನಲ್ಲಿ ಎಲ್ಲಿ ಚಾಚುವುದು? ತಂಗಿ ತನ್ನ ತೊಡೆ ಮೇಲೆ ಇಟ್ಟುಕೊಂಡು ಕೂರುತ್ತಿದ್ದಳು. ಜುಲೈ ಮಳೆಯಲ್ಲಿ ಆ ಪಟ್ಟಿ ಒಣಗುವುದೇ ಇಲ್ಲ, ಒಳಗೆ ಚರ್ಮ ಕೆಂಪಾಗುತ್ತೆ. ತೋಟದ ಲೈನ್ ಮನೆಯ ದಿನಗೂಲಿ ತಾಯಿಯಾದರೆ ಏನು ಮಾಡಬೇಕು? ಕೂಲಿ ಬಿಟ್ಟು ಹೋಗ್ತಾಳಾ? ಒಂದೆರಡು ಸಲ ಹೋಗಿ ನಿಲ್ಲಿಸುತ್ತಾಳೆ. ಆಮೇಲೆ ಎಲ್ಲರೂ "ಆಪರೇಷನ್ನೇ ಕೆಟ್ಟಿತು" ಅಂತಾರೆ.

ಹೋಬಳಿ ಮಟ್ಟದಲ್ಲಿ ವಾರಕ್ಕೊಂದು ದಿನ ಫಿಸಿಯೋಥೆರಪಿಸ್ಟ್ ಸಿಕ್ಕರೂ ಸಾಕು, ಉಳಿದದ್ದನ್ನು ಮನೆಯವರು ಕಲಿತು ಮಾಡುತ್ತಾರೆ. ಇಂಥ ಮಕ್ಕಳಿರುವ ಮನೆಯವರು ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆಯ 'ನಿರಾಮಯ' ಆರೋಗ್ಯ ವಿಮೆ ಬಗ್ಗೆ ವಿಚಾರಿಸಿ. ಸೆರೆಬ್ರಲ್ ಪಾಲ್ಸಿ ಅದರಲ್ಲಿ ಬರುತ್ತೆ, ಮಿತಿ ವರ್ಷಕ್ಕೆ 1 ಲಕ್ಷ ರೂಪಾಯಿ, ಥೆರಪಿ ಖರ್ಚಿಗೂ ಒಂದಷ್ಟು ಸಿಗುತ್ತೆ. ಆಪರೇಷನ್‌ಗೆ ದಿನ ಗೊತ್ತು ಮಾಡುವ ಮೊದಲೇ ಅರ್ಜಿ ಹಾಕಿ.