ಟ್ಯಾಬಿಗೆ ಕೀಬೋರ್ಡ್ ಜೋಡಿಸಿದರೆ ಲ್ಯಾಪ್‌ಟಾಪ್ ಆಗುವುದಿಲ್ಲ

"ಟ್ಯಾಬ್ ತಗೊಂಡು ಒಂದು ಬ್ಲೂಟೂತ್ ಕೀಬೋರ್ಡ್ ಹಾಕ್ಕೊಂಡ್ರೆ ಆಯ್ತಲ್ಲ, ಲ್ಯಾಪ್‌ಟಾಪ್ ಯಾಕೆ?" ಮೈಸೂರಿನ ಮಾನಸಗಂಗೋತ್ರಿಗೋ ಮುಕ್ತ ವಿಶ್ವವಿದ್ಯಾನಿಲಯಕ್ಕೋ ಮಕ್ಕಳನ್ನು ಸೇರಿಸುವ ಮನೆಗಳಲ್ಲಿ ಈ ಮಾತು ಬರುತ್ತದೆ. ಬರೀ ಇಂಗ್ಲಿಷಿನಲ್ಲಿ ಬರೆಯುವವರಿಗೆ ಅದು ಸರಿಹೋಗಬಹುದು. ಕನ್ನಡದಲ್ಲಿ ಬರೆಯುವವರು ದುಡ್ಡು ಕೊಡುವ ಮುಂಚೆ ಸ್ವಲ್ಪ ಲೆಕ್ಕ ಹಾಕಿ.

ಓದುವುದರಲ್ಲಿ ಟ್ಯಾಬೇ ಮೇಲು, ಅನುಮಾನವಿಲ್ಲ. ಎ4 ಹಾಳೆಯ ಅಗಲ 21 ಸೆಂ.ಮೀ. 11 ಇಂಚಿನ ಟ್ಯಾಬನ್ನು ಉದ್ದಕ್ಕೆ ಹಿಡಿದರೆ ಅಗಲ ಸುಮಾರು 15, ಫೋನಿನದು 7. ಅಂದರೆ 12 ಪಾಯಿಂಟಿನ ಅಕ್ಷರ ಟ್ಯಾಬಿನಲ್ಲಿ 8.5ರಷ್ಟು ಕಾಣುತ್ತದೆ, ಫೋನಿನಲ್ಲಿ 4ರಷ್ಟು. ಹಳೇ ಪುಸ್ತಕದ ಸ್ಕ್ಯಾನ್ ಪ್ರತಿಯಾದರೆ ಫೋನಿನಲ್ಲಿ ಒತ್ತಕ್ಷರವೇ ಕಾಣುವುದಿಲ್ಲ. ಅಗ್ಗವೆಂದು 8 ಇಂಚಿನದನ್ನು ತರಬೇಡಿ, ಅದರಲ್ಲಿ ಪುಟ ಅರ್ಧಕ್ಕೆ ಕುಗ್ಗುತ್ತದೆ.

ತೊಡಕು ಶುರುವಾಗುವುದು ಬರೆಯಲು ಕೂತಾಗ. ಟ್ಯಾಬಿನ ಪರದೆ ಮೇಲೆ ಕನ್ನಡ ಚೆನ್ನಾಗಿ ಬರುತ್ತದೆ. ಹೊರಗಿನ ಕೀಬೋರ್ಡ್ ಜೋಡಿಸಿದ ಮೇಲೆ ಅದೇ ಕನ್ನಡ ಬಂದೇ ಬರುತ್ತದೆ ಅನ್ನುವ ಹಾಗಿಲ್ಲ. ಸೆಟ್ಟಿಂಗ್ಸ್‌ನಲ್ಲಿ ಫಿಸಿಕಲ್ ಕೀಬೋರ್ಡ್ ತೆರೆದು ಕನ್ನಡದ ಕೀಲಿ ವಿನ್ಯಾಸ (ಲೇಔಟ್) ಇದೆಯೇ ನೋಡಿ. ಅಂಗಡಿಯಲ್ಲೇ "ಸ್ವಾತಂತ್ರ್ಯ" ಅಂತ ಟೈಪ್ ಮಾಡಿಸಿ. ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ವಿನ್ಯಾಸದಲ್ಲಿ ಒತ್ತಿಗೆ ಎಫ್ ಕೀಲಿ ಒತ್ತಿ ಕೈ ಪಳಗಿದವರು ಆ ವಿನ್ಯಾಸವೇ ಸಿಗುತ್ತದೋ ಇಲ್ಲವೋ ಕೇಳಲೇಬೇಕು.

ಇನ್ನೊಂದು, ಹಳೇ ನುಡಿ ಕಡತ. ಅದು ಎಲ್ಲ ಯಂತ್ರಗಳಿಗೂ ಒಂದೇ ಆಗಿರುವ ಅಕ್ಷರ ಸಂಕೇತವಾದ ಯೂನಿಕೋಡ್ ಅಲ್ಲ. ಇಂಗ್ಲಿಷ್ ಅಕ್ಷರಗಳ ಸಂಕೇತದ ಮೇಲೆ ಕನ್ನಡದ ಆಕಾರ ಕೂರಿಸಿದ ಫಾಂಟು. ಆ ಫಾಂಟ್ ಇಲ್ಲದ ಟ್ಯಾಬಿನಲ್ಲಿ ವರ್ಡ್ ಕಡತ ತೆರೆದರೆ ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲು. ಪಿಡಿಎಫ್ ಮಾಡಿದರೆ ಓದಬಹುದು, ಆದರೆ ನಕಲು ಮಾಡಿ ಅಂಟಿಸಿದೊಡನೆ ಮತ್ತೆ ಅದೇ ಗೋಜಲು. ಕಡತವನ್ನು ಕಂಪ್ಯೂಟರಿನಲ್ಲಿ ಮೊದಲು ಯೂನಿಕೋಡಿಗೆ ಪರಿವರ್ತಿಸಿ, ಒತ್ತಕ್ಷರ ಕೆಟ್ಟಿದೆಯೇ ಓದಿ ನೋಡಿ, ಆಮೇಲೆ ಟ್ಯಾಬಿಗೆ ಹಾಕಿಕೊಳ್ಳಿ.

ಹಾಗಾದರೆ ಚಿಕ್ಕ ಲ್ಯಾಪ್‌ಟಾಪ್? 2007ರಲ್ಲಿ ಏಸುಸ್ ಕಂಪನಿಯ "ಈ ಪಿಸಿ" (Eee PC) 7 ಇಂಚಿನ ಪರದೆಯೊಂದಿಗೆ ಬಂದು ನೆಟ್‌ಬುಕ್ ಅನ್ನುವ ಬಗೆಯನ್ನೇ ಹುಟ್ಟುಹಾಕಿತು. 2010ರಲ್ಲಿ ಐಪ್ಯಾಡ್ ಬಂತು. ಎರಡು ಮೂರು ವರ್ಷದಲ್ಲಿ ನೆಟ್‌ಬುಕ್ ಮರೆಯಾಯಿತು. ಅದರ ಸಂತತಿ ಈಗಲೂ 11.6 ಇಂಚಿನ ಅಗ್ಗದ ಯಂತ್ರಗಳಾಗಿ ಸಿಗುತ್ತದೆ: ಇಂಟೆಲ್‌ನ ಅಗ್ಗದ ಸೆಲೆರಾನ್ ಪ್ರೊಸೆಸರ್, 4 ಜಿಬಿ ರ‍್ಯಾಮ್, 64 ಜಿಬಿ ಇಎಂಎಂಸಿ (ಕಡತ ಇಡುವ ಚಿಪ್). ಇವನ್ನು ಖಂಡಿತ ಕೊಳ್ಳಬೇಡಿ. ವಿಂಡೋಸ್ 11 ಕೇಳುವ ಕನಿಷ್ಠವೇ ಅಷ್ಟು. ಅಪ್‌ಡೇಟಿಗೆ ಜಾಗ ಸಾಲದೆ ಅರ್ಧಕ್ಕೆ ನಿಲ್ಲುತ್ತದೆ, ಇಎಂಎಂಸಿ ಬೋರ್ಡಿಗೇ ಬೆಸುಗೆ ಹಾಕಿರುವುದರಿಂದ ಬದಲಿಸಲೂ ಆಗದು.

ಮಂಡ್ಯದಿಂದ ಮೈಸೂರಿಗೆ ದಿನಾ ರೈಲಲ್ಲಿ ಬರುವವರಿಗೆ ಒಂದು ಮಾತು. ನಿಂತು ಬರುವ ದಿನ ಫೋನೇ ಗತಿ. ಕೂರಲು ಸಿಕ್ಕರೆ ಟ್ಯಾಬ್. ಆದರೆ 10,000 ಎಂಎಎಚ್ ಪವರ್ ಬ್ಯಾಂಕ್ 8,000 ಎಂಎಎಚ್ ಟ್ಯಾಬನ್ನು ಒಂದು ಸಲ ಪೂರ್ತಿ ತುಂಬುವುದೂ ಕಷ್ಟ, ಅದರೊಳಗಿನ 3.7 ವೋಲ್ಟನ್ನು 5ಕ್ಕೆ ಏರಿಸುವಾಗ ಒಂದಷ್ಟು ಶಕ್ತಿ ಬಿಸಿಯಾಗಿ ಹೋಗುತ್ತದೆ.

ಪ್ರಬಂಧ, ವರದಿ ಬರೆಯುವವರಿಗೆ ನನ್ನ ಸಲಹೆ: ಕಂಪನಿಗಳಲ್ಲಿ ಬಳಸಿ ಬಿಟ್ಟ 12.5 ಇಂಚಿನ ಲ್ಯಾಪ್‌ಟಾಪ್, ಥಿಂಕ್‌ಪ್ಯಾಡ್ ಎಕ್ಸ್280 ತರಹದ್ದು. ತೂಕ ಸುಮಾರು 1.2 ಕೆ.ಜಿ. ಇಂಟೆಲ್ ಪ್ರೊಸೆಸರ್ ಆದರೆ 8ನೇ ಪೀಳಿಗೆಯೋ ಅದಕ್ಕಿಂತ ಹೊಸದೋ ಇರಲಿ. 7ನೆಯದಕ್ಕೆ ವಿಂಡೋಸ್ 11 ಬೆಂಬಲ ಇಲ್ಲವೆಂದೇ ತಿಳಿಯಿರಿ. ಎಕ್ಸ್280ರಲ್ಲಿ ರ‍್ಯಾಮ್ ಬದಲಿಸಲಾಗದು, 8 ಜಿಬಿಯದನ್ನೇ ಹುಡುಕಿ. ಅಂಗಡಿಯಲ್ಲಿ ಚಾರ್ಜರ್ ಕಿತ್ತು ಅರ್ಧ ಗಂಟೆ ವಿಡಿಯೊ ಓಡಿಸಿ. ಬ್ಯಾಟರಿ 100ರಿಂದ 80ಕ್ಕಿಂತ ಕೆಳಗೆ ಬಂದರೆ ಹೊಸ ಬ್ಯಾಟರಿಯ ಬೆಲೆ ಕಳೆದು ಚೌಕಾಸಿ ಮಾಡಿ.