ಬೂದನ ಬಾಲ, ನನ್ನ ಬನಿಯನ್

ಆರಿದ್ರೆ ಮಳೆ ಹಿಡಿದ ದಿನ ಅಕ್ಕನ ಮಗ ಬೆಂಗಳೂರಿನಿಂದ ಕಾರಿನಲ್ಲಿ ಬಂದಿಳಿದ. ಹಿಂದಿನ ಸೀಟಿನಲ್ಲಿ ಗಾಜಿನ ಪೆಟ್ಟಿಗೆ, ಅದರೊಳಗೆ ಕಪ್ಪುಬಿಳಿ ಪಟ್ಟೆಯ ಪ್ರಾಣಿ. “ಟೆಗು, ಮಾವ, ದೊಡ್ಡ ಹಲ್ಲಿಯ ಜಾತಿ. ಐದು ತಿಂಗಳ ಮರಿ, ಹೆಸರು ಬ್ರೂನೋ. ನನ್ನನ್ನು ಮೂರು ತಿಂಗಳು ಜರ್ಮನಿಗೆ ಕಳಿಸುತ್ತಿದ್ದಾರೆ” ಎಂದ. ತೀರ್ಥಹಳ್ಳಿ ಹತ್ತಿರದ ನಮ್ಮ ತೋಟದ ಮನೆಯಲ್ಲಿ ಇರುವುದು ನಾನು, ಅಮ್ಮ, ಎರಡು ದನ. ಆಗುವುದಿಲ್ಲ ಎನ್ನಲು ನಾನೊಂದು ಕಾರಣ ಹುಡುಕುವಷ್ಟರಲ್ಲಿ ಅವನು ಕಾಫಿ ಕುಡಿದು ಹೊರಟಾಗಿತ್ತು.

ಅಮ್ಮ ಮೊದಲು ತೆಗೆದದ್ದು ಪಂಚಾಂಗ. ಹಲ್ಲಿ ತಲೆಯ ಮೇಲೆ ಬಿದ್ದರೆ ಏನು ಫಲ, ಬಲಭುಜದ ಮೇಲೆ ಬಿದ್ದರೆ ಏನು ಎಂದೆಲ್ಲ ಅದರಲ್ಲಿ ಪಟ್ಟಿಯಿದೆ. ಎರಡಡಿ ಉದ್ದದ್ದು ಬಿದ್ದರೆ ಏನೆಂದು ಬರೆದಿಲ್ಲ. “ಬೆಳೆದರೆ ನಾಲ್ಕಡಿ ಆಗುತ್ತದಂತೆ” ಎಂದೆ. ಅಮ್ಮ ಪಂಚಾಂಗ ಮುಚ್ಚಿದಳು. ಬ್ರೂನೋ ಎಂಬುದು ಅವಳ ನಾಲಿಗೆಗೆ ಹೊರಳದೆ ಸಂಜೆಯೊಳಗೆ ಬೂದ ಆಯಿತು. ಹಿಂದೆ ನಮ್ಮಲ್ಲಿ ಆ ಹೆಸರಿನ ಎತ್ತೊಂದಿತ್ತು.

ಮಾರನೆಯ ದಿನ ಪಕ್ಕದ ತೋಟದ ಗೌಡರು ಪೆಟ್ಟಿಗೆಯೊಳಗೆ ಇಣುಕಿ ಎರಡು ಹೆಜ್ಜೆ ಹಿಂದೆ ಸರಿದರು. “ಉಡ ಸಾಕಿದರೆ ಜೈಲು, ಮಾರಾಯರೇ!” ಉಡದ ಮಟ್ಟಿಗೆ ಆ ಮಾತು ನಿಜವೇ. ಇದು ಉಡವಲ್ಲ, ದಕ್ಷಿಣ ಅಮೆರಿಕದ್ದು, ಸರ್ಕಾರದ ಪರಿವೇಷ್ ಪೋರ್ಟಲ್‌ನಲ್ಲಿ ನೋಂದಣಿಯಾಗಿದೆ ಎಂದು ಕಾಗದ ತೋರಿಸಿದೆ. ಗೌಡರು ಪೂರ್ತಿ ಓದಿ ಮಡಚಿಕೊಟ್ಟರು. “ಸರಿ. ತಪ್ಪಿಸಿಕೊಂಡು ತೋಟದಲ್ಲಿ ಓಡುವಾಗ ಈ ಕಾಗದವನ್ನು ಬಾಯಲ್ಲಿ ಕಚ್ಚಿಕೊಂಡು ಓಡುತ್ತದೆಯೇ?”

ಪಳಗಿಸುವ ವಿಧಾನವನ್ನು ಅಳಿಯ ಬರೆದು ಗಾಜಿಗೆ ಅಂಟಿಸಿ ಹೋಗಿದ್ದ. ಮೇಲಿನಿಂದ ಕೈ ಹಾಕಬಾರದು, ಹದ್ದು ಎರಗಿತೆಂದು ಬೆದರುತ್ತದೆ. ಬಾಲ ಹಿಡಿಯಬಾರದು, ಕಳಚಿ ಕೈಗೆ ಬರಬಹುದು. ತಿನ್ನಿಸಲು ಇಕ್ಕಳ ಬೇಕು, ಇಲ್ಲದಿದ್ದರೆ ಬೆರಳೂ ತಿಂಡಿಯೇ ಎಂದು ಕಲಿಯುತ್ತದೆ. ಕೊನೆಯದರ ಕೆಳಗೆ ಎರಡು ಗೆರೆ ಎಳೆದಿದ್ದ: ಹಾಕಿ ಬಿಟ್ಟ ಬನಿಯನ್ ಒಂದನ್ನು ಒಗೆಯದೆ ಒಳಗಿಡಬೇಕು, ಸಾಕುವವರ ವಾಸನೆ ಅಭ್ಯಾಸವಾಗಲಿ. ಪೆಟ್ಟಿಗೆಯ ಮೂಲೆಯಲ್ಲಿ ಅಡಗಿಕೊಳ್ಳಲೆಂದು ಮಗುಚಿಟ್ಟ ಒಡಕು ಮಡಕೆಯೊಳಗೆ ನನ್ನ ಎರಡು ದಿನದ ಬನಿಯನ್ ತುರುಕಿದೆ.

ದಿನವೂ ಸಂಜೆ ಅರ್ಧ ಗಂಟೆ ಅಂಗೈ ಮಲಗಿಸಿ ಕುಳಿತೆ. ಬೂದ ಗಂಟಲು ಉಬ್ಬಿಸಿ, ಕುಕ್ಕರ್ ಕೂಗುವ ಮೊದಲು ಮಾಡುವಂಥ ಸದ್ದು ಮಾಡುತ್ತಿದ್ದ. ಬಾಲ ಬಿಲ್ಲಿನಂತೆ ಬಾಗುತ್ತಿತ್ತು. ಮೂರನೆಯ ವಾರ ಒಂದು ಸಂಜೆ ಅವನ ಸೀಳು ನಾಲಿಗೆ ನನ್ನ ಹೆಬ್ಬೆರಳಿನ ಉಗುರನ್ನು ಎರಡು ಸಲ ಸವರಿತು, ಒದ್ದೆ ದಾರ ತಾಗಿದ ಹಾಗೆ. ನಾನು ಉಸಿರು ಬಿಗಿಹಿಡಿದೆ. ಅವನು ಸ್ವಲ್ಪ ಯೋಚಿಸಿ, ಹಿಂದೆ ತಿರುಗಿ ಮಡಕೆ ಸೇರಿದ. ರಾತ್ರಿ ಟಾರ್ಚ್ ಬಿಟ್ಟು ನೋಡಿದರೆ ಬಟ್ಟೆಯಲ್ಲಿ ಮುಖ ಹುದುಗಿಸಿ ನಿದ್ದೆ. ನನ್ನ ಬೆವರಿಗೂ ಒಂದು ಬೆಲೆ ಬಂತಲ್ಲ ಎಂದು ಹೆಮ್ಮೆಯಾಯಿತು.

ಟೆಗುವಿಗೆ ಬೇಕಾದ ತೇವ ಮಲೆನಾಡಿನಲ್ಲಿ ಪುಕ್ಕಟೆ. ನಮ್ಮಲ್ಲಿ ಆಷಾಢದಲ್ಲಿ ಚಪ್ಪಲಿಗೂ ಬೂಷ್ಟು ಬರುತ್ತದೆ. ತೊಂದರೆ ಬಿಸಿಯದ್ದು. ಮೈ ಕಾಯಿಸಲು 40 ಡಿಗ್ರಿ ದಾಟಿದ ಒಂದು ಜಾಗ ಬೇಕು, ಅದಕ್ಕೊಂದು ಬಲ್ಬು, ಬಲ್ಬಿಗೆ ಕರೆಂಟು. ಈ ಟೆಗುಗಳು ಮೈಯನ್ನು ತಾವೇ ಬಿಸಿ ಮಾಡಿಕೊಳ್ಳಬಲ್ಲವೆಂದು 2016ರಲ್ಲಿ ವಿಜ್ಞಾನಿಗಳು ಕಂಡುಕೊಂಡಿದ್ದಾರೆ, ಸುತ್ತಲಿನ ಗಾಳಿಗಿಂತ ಹತ್ತು ಡಿಗ್ರಿಯವರೆಗೂ. ಆದರೆ ಅದು ಬೆಳೆದವಕ್ಕೆ, ಅದೂ ಸಂತಾನದ ಕಾಲದಲ್ಲಿ. ಪುನರ್ವಸು ಮಳೆಗೆ ಮರ ಬಿದ್ದು ಎರಡು ದಿನ ಕರೆಂಟು ಹೋದಾಗ ನಮ್ಮ ಮರಿಗೆ ಆ ವಿದ್ಯೆ ಇರಲಿಲ್ಲ. ಬಿಸಿನೀರಿನ ಬಾಟಲಿ ಇಡಲು ಮುಚ್ಚಳ ತೆಗೆದೆ. ಚಿಲಕ ಹಾಕಲು ಮರೆತೆ.

ಬೆಳಿಗ್ಗೆ ಪೆಟ್ಟಿಗೆ ಖಾಲಿ. ಅಟ್ಟ, ಕೊಟ್ಟಿಗೆ, ಅಡಿಕೆ ಚೀಲಗಳ ಸಂದಿ, ಎಲ್ಲ ಹುಡುಕಿದೆ. ಗೌಡರ ಕಾಗದದ ಮಾತು ಕಿವಿಯಲ್ಲಿ ಗುಂಯ್‌ಗುಡುತ್ತಿತ್ತು. ಕೊನೆಗೆ ಸಿಕ್ಕಿದ್ದು ಬಚ್ಚಲಲ್ಲಿ, ಹಂಡೆ ಒಲೆಯ ಪಕ್ಕದ ಬೆಚ್ಚನೆಯ ಬೂದಿಯಲ್ಲಿ ಹೊಟ್ಟೆ ಚಪ್ಪಟೆ ಮಾಡಿಕೊಂಡು. ಗಾಬರಿಯಲ್ಲಿ ಗಾಜಿಗೆ ಅಂಟಿಸಿದ್ದ ಚೀಟಿ ಪೂರ್ತಿ ಮರೆತು, ಥೇಟ್ ಹದ್ದಿನಂತೆ ಮೇಲಿನಿಂದ ಎರಗಿದೆ. ಬಾಲ ಬೀಸಿದ ಹೊಡೆತಕ್ಕೆ ಕನ್ನಡಕ ಹಂಡೆಯೊಳಗೆ ಬಿತ್ತು. ಹೆದರಿದ ಟೆಗು ಇನ್ನೂ ಒಂದು ಕೆಲಸ ಮಾಡುತ್ತದೆಂದು ಅಳಿಯ ಬರೆದಿರಲಿಲ್ಲ. ಅದು ನನ್ನ ಎದೆಯ ಮೇಲೆ ಆಯಿತು.

ಕೈಜಾರಿದ ಬೂದ ನೇರವಾಗಿ ಓಡಿದ್ದು, ಮಣೆ ಹಾಕಿಕೊಂಡು ಒಲೆಗೆ ಸೌದೆ ಒಟ್ಟುತ್ತಿದ್ದ ಅಮ್ಮನ ಕಡೆಗೆ. ಗೋಡೆಯ ಹಲ್ಲಿ ಲೊಚಗುಟ್ಟಿದರೂ ಕೃಷ್ಣ ಕೃಷ್ಣ ಎನ್ನುವವಳು ಅಲುಗಾಡದೆ ಕುಳಿತಳು. ಅವನು ಮಡಿಲು ಹತ್ತಿ, ಸೆರಗಿನೊಳಗೆ ಮೂಗು ತೂರಿಸಿ ಕಣ್ಣು ಮುಚ್ಚಿದ.

“ಮೂರು ವಾರ ನನ್ನ ಬನಿಯನ್‌ನಲ್ಲಿ ಮಲಗಿ ಈಗ ಈ ದ್ರೋಹ” ಎಂದೆ.

“ಯಾವ ಬನಿಯನ್? ಆ ಹೊಲಸನ್ನು ಮೊದಲ ದಿನವೇ ತೆಗೆದು ಒಗೆದೆ. ಮಡಕೆಯಲ್ಲಿ ಇಟ್ಟಿದ್ದು ನನ್ನ ಹಳೆಯ ಸೀರೆ ತುಂಡು” ಎಂದಳು ಅಮ್ಮ. ಆಮೇಲೆ ನನ್ನ ಎದೆಯ ಕಡೆ ನೋಡಿ, “ಈಗ ನೀನು ಹಾಕಿಕೊಂಡಿರುವುದು ಅದನ್ನೇ. ಬಿಚ್ಚು ಮಾರಾಯ, ಮತ್ತೆ ಒಗೆಯಬೇಕು.”