ಅಂಗಳ ಇದ್ದವರಿಗೆ ಜಾತಿ ನಾಯಿಯೇ ಬೇಕಾ?

“ಎಂತ ಮಾರಾಯ, ಬೊಂಬಾಯಲ್ಲಿ ಇಷ್ಟು ವರ್ಷ ದುಡಿದು ಕಡೆಗೆ ಸಾಕಿದ್ದು ಒಂದು ಕಾಟು ನಾಯಿಯಾ?”

ಏಪ್ರಿಲ್‌ನಲ್ಲಿ ಉಡುಪಿಗೆ ಹೋಗಿದ್ದಾಗ, ಮನೆಯಲ್ಲಿ ದೈವದ ತಂಬಿಲ ಪೂಜೆಯ ದಿನ, ನಮ್ಮ ನಾಯಿ ಬೊಳ್ಳಿಯ ಫೋಟೋ ತೋರಿಸಿದ್ದಕ್ಕೆ ಭಾವ ಹೀಗಂದರು. ಸುತ್ತ ಕೂತವರು ನಕ್ಕರು. ಭಾವ ಒಳ್ಳೆಯವರೇ. ಆದರೂ ಮಾತು ಚುಚ್ಚಿತು.

ಅವರ ಮನೆಯಲ್ಲಿ ಹಸ್ಕಿ ಇದೆ, ದುಡ್ಡು ಕೊಟ್ಟು ತಂದದ್ದು. ಹಿಮದ ಊರಿನ ನಾಯಿ, ಮೈತುಂಬ ಎರಡು ಪದರ ರೋಮ. ನಮ್ಮೂರಿನ ಸೆಕೆ ಗೊತ್ತಲ್ಲ! ಇಡೀ ಮಧ್ಯಾಹ್ನ ಅದು ಬಟ್ಟೆ ಒಗೆಯುವ ಕಲ್ಲಿನ ಬುಡದಲ್ಲಿ, ನೀರು ನಿಂತ ಜಾಗಕ್ಕೆ ಹೊಟ್ಟೆ ಊರಿ ಮಲಗಿತ್ತು. ನಾಲಗೆ ಒಳಗೆ ಹೋಗಲೇ ಇಲ್ಲ. ಆಟಿ ತಿಂಗಳ ಮಳೆಯಲ್ಲಿ ರೋಮ ಒಣಗುವುದೇ ಇಲ್ಲ, ಚರ್ಮವೆಲ್ಲ ಫಂಗಸ್ ಆಗುತ್ತದೆ ಎಂದು ಅಕ್ಕ ಹೇಳಿದಳು.

ನಾನಿರುವುದು ಮುಂಬಯಿ ಹತ್ತಿರದ ಡೊಂಬಿವಿಲಿಯಲ್ಲಿ, ಒಂದು ಬೆಡ್‌ರೂಮಿನ ಫ್ಲ್ಯಾಟು. ನಮ್ಮ ಕಟ್ಟಡದಲ್ಲಿ ಬೀದಿಯಿಂದ ಬಂದ ನಾಯಿಗಳನ್ನು ಸಾಕುವ ಮನೆ ನಮ್ಮದೊಂದೇ ಅಲ್ಲ. ಅಂಗಳ ಇಲ್ಲ, ತೋಟ ಇಲ್ಲ, ಆದರೂ ಸಾಕುತ್ತಾರೆ. ಬೊಳ್ಳಿಯನ್ನು ದತ್ತು ಕೊಟ್ಟವರು ಹೆಣ್ಣು ಕೊಡುವವರು ವಿಚಾರಿಸಿದ ಹಾಗೆ ವಿಚಾರಿಸಿದರು. ಮನೆ ಸ್ವಂತದ್ದಾ, ಬಾಡಿಗೆಯದ್ದಾ? ಬೆಳಿಗ್ಗೆ ಯಾರು ಕೆಳಗೆ ಕರಕೊಂಡು ಹೋಗ್ತೀರಿ? ಮೇ ತಿಂಗಳಲ್ಲಿ ಊರಿಗೆ ಹೋದರೆ ಇವಳು ಎಲ್ಲಿರ್ತಾಳೆ? ಮನೆಗೇ ಬಂದು ಬಾಲ್ಕನಿಯ ಗ್ರಿಲ್ ಸಂದಿಗೆ ಕೈ ಹಾಕಿ ನೋಡಿದರು. ದೊಡ್ಡವಳಾದ ಮೇಲೆ ಮರಿ ಆಗದ ಹಾಗೆ ಆಪರೇಷನ್ ಮಾಡಿಸುತ್ತೇವೆ ಎಂದು ಬರೆಸಿಕೊಂಡರು. ಬೆಲೆ ಅಂತ ಕೇಳಲಿಲ್ಲ, ಲಸಿಕೆಯ ಖರ್ಚು ಮಾತ್ರ ತೆಗೆದುಕೊಂಡರು. ಆಮೇಲೂ ಆಗಾಗ ಫೋಟೋ ಕಳಿಸಿ ಎಂದು ಫೋನ್ ಬರುತ್ತಿತ್ತು.

ಹಸ್ಕಿ ಮಾರಿದವರು ಏನೇನು ಕೇಳಿದರು ಎಂದು ಭಾವನನ್ನು ವಿಚಾರಿಸಿದೆ. ಗಂಡಾ ಹೆಣ್ಣಾ, ಕ್ಯಾಶಾ ಗೂಗಲ್ ಪೇನಾ. ಅಷ್ಟೇ.

ನನಗೆ ಸಿಟ್ಟು ಬರುವುದು ಇಲ್ಲೇ. ಮರಿ ಮಾಡಿಸಿ ಮಾರುವವರಿಗೆ 2017ರಲ್ಲೇ ಕೇಂದ್ರ ಸರ್ಕಾರ ನಿಯಮ ಮಾಡಿದೆ. ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಆಗಬೇಕು. 8 ವಾರ ತುಂಬದ ಮರಿಯನ್ನು ಮಾರುವ ಹಾಗಿಲ್ಲ. ತಾಯಿಯಿಂದ ವರ್ಷಕ್ಕೆ ಒಂದಕ್ಕಿಂತ ಜಾಸ್ತಿ ಸಲ ಮರಿ ಹಾಕಿಸುವ ಹಾಗಿಲ್ಲ. ನಮ್ಮಲ್ಲಿ ಇದನ್ನು ಕೇಳುವವರು ಯಾರು? ದೊಡ್ಡಮ್ಮನ ಮಗ 18,000 ಕೊಟ್ಟು ತಂದ ಲ್ಯಾಬ್ರಡಾರ್ (ಲ್ಯಾಬ್) ಮರಿಗೆ ನೆಟ್ಟಗೆ ನಡೆಯಲೂ ಬರುತ್ತಿರಲಿಲ್ಲ. ತಾಯಿ ಹಾಲು ಬಿಡುವ ಮೊದಲೇ ಎತ್ತಿಕೊಂಡು ಬಂದದ್ದು. ಪಾರ್ವೋ ಎಂಬ ವೈರಸ್ ರೋಗ ಬಂತು. ವಾಂತಿ, ರಕ್ತ ಭೇದಿ. ಡ್ರಿಪ್ ಹಾಕಿಸಿದರೂ ಉಳಿಯಲಿಲ್ಲ. ಮಾರಿದವನು ಫೋನೇ ಎತ್ತಲಿಲ್ಲ. ಆ ಮರಿಯ ತಾಯಿ ಎಲ್ಲಿದೆ, ಎಂಥ ಗೂಡಿನಲ್ಲಿದೆ, ಇದು ಅದರ ಎಷ್ಟನೇ ಹೆರಿಗೆ ಅಂತ ನಮ್ಮ ಮನೆಯವರು ಒಬ್ಬರೂ ಕೇಳಿರಲಿಲ್ಲ.

ಇತ್ತ ಅದೇ ಊರಿನಲ್ಲಿ ಹೆಣ್ಣು ಮರಿಗಳನ್ನು ಗೋಣಿಯಲ್ಲಿ ಕಟ್ಟಿ ಮೀನು ಮಾರ್ಕೆಟ್ ಹತ್ತಿರ ಬಿಟ್ಟು ಬರುತ್ತಾರೆ. ಕಣ್ಣು ಬಿಡದ ಮರಿಗಳು. ಸಾಕಿದ ನಾಯಿಗೆ ಆಪರೇಷನ್ ಮಾಡಿಸಿ ಅಂದರೆ “ಪಾಪ, ಅದಕ್ಕೆ ಯಾಕೆ ಹಿಂಸೆ” ಅನ್ನುತ್ತಾರೆ. ಗೋಣಿಯಲ್ಲಿ ಉಸಿರು ಕಟ್ಟುವುದು ಹಿಂಸೆ ಅಲ್ವಾ?

ಬೀದಿ ನಾಯಿಗಳ ಮೇಲೆ ಮುಂಬಯಿಯ ಪ್ರೀತಿ ಇಂದು ನಿನ್ನೆಯದಲ್ಲ. 1832ರಲ್ಲಿ ಬ್ರಿಟಿಷರು ಬೀದಿ ನಾಯಿಗಳನ್ನು ಕೊಲ್ಲಿಸಲು ಹೊರಟಾಗ ಪಾರ್ಸಿಗಳು ದಂಗೆಯೇ ಎದ್ದಿದ್ದರು. 2018ರಲ್ಲಿ ತಮ್ಮ ಮುಖ್ಯ ಕಚೇರಿ ಬಾಂಬೆ ಹೌಸ್ ದುರಸ್ತಿಯಾದಾಗ ಟಾಟಾದವರು ಅಲ್ಲಿನ ಬೀದಿ ನಾಯಿಗಳಿಗೆ ಅಂತಲೇ ಒಂದು ಕೋಣೆ ಮಾಡಿಸಿದರು. ರತನ್ ಟಾಟಾ ಅವರ ನಾಯಿ ‘ಗೋವಾ’ ಕೂಡ ಬೀದಿಯಿಂದ ಬಂದದ್ದೇ. ಅಷ್ಟು ದೊಡ್ಡ ಮನುಷ್ಯನಿಗೆ ಅದರಿಂದ ಯಾವ ಮರ್ಯಾದೆಯೂ ಕಮ್ಮಿ ಆಗಲಿಲ್ಲ.

ಹಾಗೆಂದು ಮುಂಬಯಿಯಲ್ಲಿ ಎಲ್ಲ ಸರಿ ಇದೆ ಎಂದರೆ ಸುಳ್ಳಾಗುತ್ತದೆ. ಕ್ರಾಫರ್ಡ್ ಮಾರ್ಕೆಟಿನಲ್ಲಿ ಮರಿಗಳನ್ನು ಪಂಜರದಲ್ಲಿಟ್ಟು ಮಾರುವುದನ್ನು ನಾನೇ ನೋಡಿದ್ದೇನೆ. ಬೀದಿಯಿಂದ ಬಂದ ನಾಯಿ ಸಾಕುವುದು ಸುಲಭ ಅಂತಲೂ ಹೇಳಲಾರೆ. ಬೊಳ್ಳಿ ಮೊದಮೊದಲು ಮಂಚದ ಅಡಿಯಿಂದ ಹೊರಗೇ ಬರುತ್ತಿರಲಿಲ್ಲ. ಕುಕ್ಕರ್ ಸೀಟಿ ಹಾಕಿದರೆ ಅಲ್ಲೇ ಉಚ್ಚೆ ಹೊಯ್ಯುತ್ತಿದ್ದಳು. ಇದನ್ನು ತಾಳಲಾರದೆ ವಾಪಸ್ ಕೊಡುವವರೂ ಇದ್ದಾರೆ.

ಊರಿನ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ನಾನು ಸಣ್ಣವನಿದ್ದಾಗ ನಮ್ಮಲ್ಲಿ ಯಾರೂ ನಾಯಿಗೆ ದುಡ್ಡು ಕೊಡುತ್ತಿರಲಿಲ್ಲ. ಆಚೆ ಮನೆಯಲ್ಲಿ ಮರಿ ಹಾಕಿದರೆ ಒಂದನ್ನು ತರುವುದು, ಅನ್ನಕ್ಕೆ ಮೀನಿನ ಸಾರು ಕಲಸಿ ಹಾಕುವುದು, ಅಷ್ಟೇ. ಆ ಕಾಟು ನಾಯಿಗಳೇ ಅಡಿಕೆ ತೋಟ ಕಾಯುತ್ತಿದ್ದವು. ಮಂಗಳೂರಿನ ಶಕ್ತಿನಗರದಲ್ಲಿ ಅನಿಮಲ್ ಕೇರ್ ಟ್ರಸ್ಟ್ ಇದೆ. ಮಲ್ಪೆಯಲ್ಲೂ ಅಂಥದ್ದೊಂದು ಟ್ರಸ್ಟ್ ಇದೆ. ಗಾಯಗೊಂಡವು, ಬಿಟ್ಟುಹೋದವು ಎಲ್ಲ ಅಲ್ಲಿಗೇ ಬರುತ್ತವೆ. ಅಲ್ಲಿ ದುಡಿಯುವವರ ಕಷ್ಟದ ಮುಂದೆ ನಮ್ಮ ಫ್ಲ್ಯಾಟಿನ ಕಷ್ಟ ಏನೂ ಅಲ್ಲ.

ಈಗ ಅಮ್ಮನಿಗೆ ಮನೆ ಕಾಯಲು ನಾಯಿ ಬೇಕಂತೆ. ತಮ್ಮ ಒಂದು ಲ್ಯಾಬ್ ನೋಡಿಟ್ಟಿದ್ದಾನೆ. ಅಡ್ವಾನ್ಸ್ ಕೊಡುವ ಮೊದಲು ಮಲ್ಪೆಗೆ ಹೋಗಿ ಬಾ, ಹೆಣ್ಣು ಮರಿ ಇದ್ದರೆ ಅದನ್ನೇ ತಾ, ಆಪರೇಷನ್ ಖರ್ಚು ನಾನು ಕೊಡುತ್ತೇನೆ ಎಂದಿದ್ದೇನೆ. ಅವನು ಇನ್ನೂ ಹೂಂ ಅಂದಿಲ್ಲ.